ಗೋಳ್ ಎಂದರೆ ಬೆಲ್ಲ

ಹೋದ ವರ್ಷ ಆಷಾಢದ ಒಂದು ಶನಿವಾರ. ಸಿಂಧನೂರಿನ ಒಂದು ಪತ್ರಿಕಾಗೋಷ್ಠಿಯಲ್ಲಿ ಕುಳಿತಿದ್ದೆವು. ವಿಷಯ ಪ್ರತಿ ವರ್ಷದ್ದೇ: ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ನೀರು. ಜೇಬಿನಲ್ಲಿ ಮೊಬೈಲ್ ಎರಡು ಸಲ ನಡುಗಿತು. ಕಟ್ ಮಾಡಿದೆವು. ಮೂರನೇ ಸಲ ಹೊರಗೆ ಬಂದು ಎತ್ತಿದೆವು. ನಮ್ಮ ಮಗಳು. ಆಗ ಅವಳಿಗೆ ಏಳು ವರ್ಷ.

“ಅಪ್ಪಾ, ಅಜ್ಜಿ ಗೋಳು ಗೋಳು ಅನ್ನಾಕತ್ತಾಳ. ಅಳಾಕಂತೂ ಹತ್ತಿಲ್ಲ. ಮೈಯೆಲ್ಲಾ ಬೆವತೈತಿ, ಕೈ ನಡುಗಾಕತ್ತೈತಿ. ನೀರು ಕೊಟ್ರ ಬ್ಯಾಡಂತಾಳ.”

ಮನೆಯಲ್ಲಿ ಅವರಿಬ್ಬರೇ ಇದ್ದರು. ನಮ್ಮ ಮನೆಯಾಕೆ ಸಂಘದ ಸಾಲದ ಕಂತು ಕಟ್ಟಲು ಬ್ಯಾಂಕಿಗೆ ಹೋಗಿದ್ದಳು. ಮಗಳು ಬೆಳಗಿನ ಶಾಲೆ ಮುಗಿಸಿ ಬಂದಿದ್ದಳು.

ಗೋಳ್ ಅಂದರೆ ನಮ್ಮ ಭಾಷೆಯಲ್ಲಿ ಬೆಲ್ಲ. ಯಾಡಿಗೆ, ಅಂದರೆ ನಮ್ಮ ತಾಯಿಗೆ, ಸಕ್ಕರೆ ಕಾಯಿಲೆ. ಬೆಳಿಗ್ಗೆ ಗುಳಿಗೆ ನುಂಗಿ, ಶನಿವಾರ ಅಂತ ಉಪವಾಸ ಕೂತುಬಿಟ್ಟಿದ್ದಳು. ಸಕ್ಕರೆ ಇಳಿದುಹೋಗಿತ್ತು. ಹಿಂದೆ ಒಮ್ಮೆ ಹೀಗಾದಾಗ ಬೆಲ್ಲ ತಿಂದು ಸುಧಾರಿಸಿಕೊಂಡಿದ್ದ ನೆನಪು ಅವಳಿಗೆ. ಅದಕ್ಕೇ ಮೊಮ್ಮಗಳಿಗೆ ಬೆಲ್ಲ ತಾ ಅನ್ನುತ್ತಿದ್ದಾಳೆ. ಮೊಮ್ಮಗಳಿಗೆ ಕೇಳಿಸಿದ್ದು ಗೋಳು. ಅಜ್ಜಿಗೆ ಏನೋ ದುಃಖ ಅಂದುಕೊಂಡು ತಲೆ ಸವರುತ್ತಾ ಕೂತಿದ್ದಾಳೆ.

“ಬೆಲ್ಲ ಅವ್ವಾ, ಬೆಲ್ಲ! ಕಪಾಟಿನ್ಯಾಗ ಸ್ಟೀಲ್ ಡಬ್ಬಿ ಐತಿ ನೋಡು, ಲಗೂನ ಕೊಡು,” ಅಂತ ಕಚೇರಿಯ ಮೆಟ್ಟಿಲ ಮೇಲೆ ನಿಂತು ಕೂಗಿದೆವು. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಯಾಡಿ ಉಳಿದಳು. ಕಾಲು ಗಂಟೆಯಲ್ಲಿ ಎದ್ದು ಕೂತಿದ್ದಳು. ಸಂಜೆ ದವಾಖಾನೆಗೆ ಕರೆದುಕೊಂಡು ಹೋದಾಗ ಡಾಕ್ಟರು, ಸಕ್ಕರೆ ಅಷ್ಟು ಇಳಿದರೆ ತಲೆ ಮಂಕಾಗುತ್ತದೆ, ಮಾತು ತಡವರಿಸುತ್ತದೆ, ಇನ್ನು ಮುಂದೆ ಗುಳಿಗೆ ನುಂಗಿದ ದಿನ ಉಪವಾಸ ಬೇಡ ಅಂದರು. ನಮ್ಮ ತಲೆಯಲ್ಲಿ ಕೂತದ್ದು ಇನ್ನೊಂದು ಮಾತು. ಯಾಡಿಗೆ ಕನ್ನಡ ಬರುತ್ತದೆ. ಸಂತೆಯಲ್ಲಿ ಚೌಕಾಶಿ ಮಾಡುವಷ್ಟು, ಬಸ್ಸಿನಲ್ಲಿ ಕಂಡಕ್ಟರನ ಜೊತೆ ಜಗಳ ಆಡುವಷ್ಟು ಬರುತ್ತದೆ. ‘ಬೆಲ್ಲ’ ಅನ್ನುವ ಶಬ್ದವೂ ಗೊತ್ತು. ಆ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಗೋಳ್ ಮಾತ್ರ.

ನಾವು ಸುದ್ದಿ ಕಳಿಸುವವರು. ಸುದ್ದಿಯಲ್ಲಿ ನಮ್ಮ ಮನೆ ಬರುವುದಿಲ್ಲ. ಇದು ಸುದ್ದಿ ಅಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮದು ಮಸ್ಕಿ ಕಡೆಯ ಒಂದು ತಾಂಡಾ. ಲಂಬಾಣಿ ಅಂತ ನೀವು ಕರೆಯುವ ಭಾಷೆಗೆ ನಾವು ಗೋರ್ ಬೋಲಿ ಅನ್ನುತ್ತೇವೆ. ನಮ್ಮವರು ಗೋರ್, ಹೊರಗಿನವರು ಕೋರ್. ಎತ್ತಿನ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತಿದ ಜನ ನಾವು. ಉತ್ತರದಿಂದ ಬರುವಾಗ ತಂದ ಮಾತು ಇದು. ಲಿಪಿ ಇಲ್ಲ. ಕರ್ನಾಟಕದಲ್ಲಿದ್ದವರು ಕನ್ನಡ ಅಕ್ಷರದಲ್ಲಿ ಬರೆಯುತ್ತಾರೆ, ತೆಲಂಗಾಣದಲ್ಲಿದ್ದವರು ತೆಲುಗು ಅಕ್ಷರದಲ್ಲಿ, ಮಹಾರಾಷ್ಟ್ರದಲ್ಲಿದ್ದವರು ದೇವನಾಗರಿಯಲ್ಲಿ. ಮೀಸಲಾತಿಯೂ ಹಾಗೇ: ಇಲ್ಲಿ ಪರಿಶಿಷ್ಟ ಜಾತಿ, ಅಲ್ಲಿ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ನಮ್ಮ ಮಾವನ ಮಗ ಹೈದರಾಬಾದಿನಿಂದ ಕಳಿಸುವ ಮದುವೆ ಕಾರ್ಡಿನ ಭಾಷೆ ನಮ್ಮದೇ, ಓದಲು ಮಾತ್ರ ನಮಗೆ ಆಗುವುದಿಲ್ಲ.

ಇಷ್ಟು ಹೇಳಿದ ಮೇಲೆ ನೀವು ಕೇಳಬಹುದು: ಮನೆಯಲ್ಲೇ ಇರುವ ಭಾಷೆ ಮಗಳಿಗೆ ಯಾಕೆ ಕಲಿಸಲಿಲ್ಲ?

ಕಲಿಸಬಾರದು ಅಂತ ತೀರ್ಮಾನ ಮಾಡಿದ್ದು ನಾವೇ. ಗಂಡ ಹೆಂಡತಿ ಇಬ್ಬರೂ ಕೂತು, ಮಗು ಹುಟ್ಟುವ ಮೊದಲೇ ಮಾಡಿದ ತೀರ್ಮಾನ. ನಮ್ಮ ಮನೆಯಾಕೆಯೂ ತಾಂಡಾದವಳೇ, ಲಿಂಗಸುಗೂರು ಕಡೆಯವಳು. ನಾವಿಬ್ಬರೂ ಒಂದನೇ ಇಯತ್ತೆಗೆ ಹೋದಾಗ ಒಂದು ಅಕ್ಷರ ಕನ್ನಡ ಬರುತ್ತಿರಲಿಲ್ಲ. ಮಾಸ್ತರು ‘ಕುಂದ್ರು’ ಅಂದರೆ ಎದ್ದು ನಿಲ್ಲುತ್ತಿದ್ದೆವು, ಪಕ್ಕದವನು ಏನು ಮಾಡುತ್ತಾನೋ ನೋಡಿ ಅದನ್ನೇ ಮಾಡುತ್ತಿದ್ದೆವು. ಒಂದಕ್ಕೆ ಹೋಗಬೇಕು ಅಂತ ಕೇಳಲು ಬಾರದೆ ಕ್ಲಾಸಿನಲ್ಲೇ ಚಡ್ಡಿ ಒದ್ದೆ ಮಾಡಿಕೊಂಡು, ಬಿಡುವಿನಲ್ಲಿ ತಾಂಡಾಕ್ಕೆ ಓಡಿಹೋಗಿ, ವಾರ ಶಾಲೆ ಕಡೆ ತಲೆ ಹಾಕಲಿಲ್ಲ. ಯಾಡಿ ಬಾರುಕೋಲು ತೋರಿಸಿ ಕಳಿಸಿದ ಮೇಲೇ ಹೋದದ್ದು. ನಮ್ಮ ಮನೆಯಾಕೆ ಒಂದನೇ ಇಯತ್ತೆಯಲ್ಲಿ ಎರಡು ವರ್ಷ ಕೂತಳು. ದಡ್ಡಿ ಅನ್ನಿಸಿಕೊಂಡಳು. ಭಾಷೆ ತಿಳಿಯದವಳನ್ನು ದಡ್ಡಿ ಅಂದರು ಅಂತ ಅವಳಿಗೆ ಅರ್ಥವಾಗಿದ್ದು ಎಷ್ಟೋ ವರ್ಷದ ಮೇಲೆ.

ನಮ್ಮ ಕೂಸಿಗೆ ಅದು ಆಗಬಾರದು ಅನ್ನಿಸಿತು. ಹಾಗಾಗಿ ತೊಟ್ಟಿಲಿನಿಂದಲೇ ಕನ್ನಡ. ಈಗಲೂ ಆ ತೀರ್ಮಾನ ಪೂರ್ತಿ ತಪ್ಪು ಅಂತ ಹೇಳಲು ನಮಗೆ ಬಾಯಿ ಬರುವುದಿಲ್ಲ. ಮಗಳು ಮೊದಲ ದಿನವೇ ಟೀಚರ್ ಹತ್ತಿರ ಪಟಪಟ ಮಾತಾಡಿದಳು. ಆ ದಿನ ನಮ್ಮ ಮನೆಯಾಕೆ ಗೇಟಿನ ಹೊರಗೆ ನಿಂತು ಕಣ್ಣು ಒರೆಸಿಕೊಂಡಿದ್ದನ್ನು ನೋಡಿದ್ದೇವೆ.

ಇನ್ನೊಂದು ಕಾರಣವೂ ಇತ್ತು, ಅದನ್ನು ಮುಚ್ಚಿಟ್ಟರೆ ಬರಹ ಸುಳ್ಳಾಗುತ್ತದೆ. ಪತ್ರಿಕೋದ್ಯಮ ಡಿಪ್ಲೊಮಾ ಮಾಡುವಾಗ ಹಾಸ್ಟೆಲಿನಲ್ಲಿ ಯಾಡಿಯ ಫೋನ್ ಬಂದರೆ ನಾವು ಹೊರಗೆ ಹೋಗಿ ಮಾತಾಡುತ್ತಿದ್ದೆವು. ಯಾರೂ ಬೈದಿರಲಿಲ್ಲ. ಒಬ್ಬಿಬ್ಬರು ನಮ್ಮ ಮಾತಿನ ಧಾಟಿಯನ್ನು ಅಣಕಿಸಿ ನಕ್ಕಿದ್ದರು, ಅಷ್ಟೇ. ಆಮೇಲೆ ಸುದ್ದಿ ಬರೆಯುವವನ ಕನ್ನಡ ಶುದ್ಧ ಇರಬೇಕು ಅನ್ನುವ ಹಟ ಬೇರೆ ಸೇರಿಕೊಂಡಿತು.

ಇನ್ನು ಶಾಲೆಯ ದಾಖಲಾತಿಯ ಕಥೆ. ನಾವು ಒಂದೇ ತಾಯಿಯ ಮೂರು ಮಕ್ಕಳು. ನಮ್ಮ ಅಣ್ಣನ ದಾಖಲೆಯಲ್ಲಿ ಮಾತೃಭಾಷೆ ‘ಲಂಬಾಣಿ’ ಅಂತಿದೆ. ನಮ್ಮದರಲ್ಲಿ ‘ಕನ್ನಡ’. ತಂಗಿಯದರಲ್ಲಿ ‘ಹಿಂದಿ’! ಮೂವರಿಗೂ ಬೇರೆ ಬೇರೆ ವರ್ಷ ಬೇರೆ ಬೇರೆ ಹೆಡ್‌ಮಾಸ್ತರು. ತಂಗಿಯ ಹೆಸರು ಹಚ್ಚಿದವರು, “ಲಂಬಾಣಿ ಅಂದ್ರ ಹಿಂದಿ ಇದ್ದಂಗ ಐತಿ ಬಿಡ್ರಿ” ಅಂತ ತಾವೇ ಬರೆದುಕೊಂಡರಂತೆ. ಮನೆಯಲ್ಲಿ ಇದನ್ನು ಹೇಳಿ ನಗುತ್ತಿದ್ದೆವು.

ನಗು ನಿಂತದ್ದು 2011ರ ಜನಗಣತಿಯ ಭಾಷಾ ಪಟ್ಟಿ ಓದಿದಾಗ. ಅಲ್ಲಿಯೂ ನಮ್ಮ ಭಾಷೆ ಹಿಂದಿಯ ಒಳಗೇ ಇದೆ. ಜನ ತಮ್ಮ ಬಾಯಿಂದ ಹೇಳಿದ ಭಾಷೆಯ ಹೆಸರುಗಳು ಆ ವರ್ಷ ಒಟ್ಟು 19,569. ಅವನ್ನು ಸೋಸಿ, ಜೋಡಿಸಿ, ಕೊನೆಗೆ ಪಟ್ಟಿ ಮಾಡಿದ ಭಾಷೆಗಳು 121. ಹಿಂದಿ ಅಂತ ಲೆಕ್ಕಕ್ಕೆ ಬಂದವರು ಸುಮಾರು 52 ಕೋಟಿ 83 ಲಕ್ಷ ಜನ. ಅದರೊಳಗೆ ಇಳಿದು ನೋಡಿದರೆ ‘ಹಿಂದಿ’ ಅಂತಲೇ ಹೇಳಿದವರು 32 ಕೋಟಿ ಚಿಲ್ಲರೆ. ಉಳಿದವರು ಭೋಜಪುರಿ, ರಾಜಸ್ಥಾನಿ, ಛತ್ತೀಸಗಢಿ ಹೀಗೆ. ಆ ಸಾಲಿನಲ್ಲೇ ಲಮಾಣಿ ಅಥವಾ ಲಂಬಾಡಿ ಅಂತ ಹೇಳಿದ 32 ಲಕ್ಷಕ್ಕೂ ಹೆಚ್ಚು ಜನ. ತುಳುವಿಗೆ ಬೇರೆ ಸಾಲು ಇದೆ, ಕೊಡವ ಭಾಷೆಗೂ ಇದೆ. ನಮ್ಮ ಭಾಷೆ ರಾಜಸ್ಥಾನದ ಕಡೆಯ ಮಾತುಗಳಿಗೆ ಹತ್ತಿರದ್ದು, ರಾಜಸ್ಥಾನಿಯೇ ಹಿಂದಿಯೊಳಗೆ ಇರುವಾಗ ಇದೂ ಅಲ್ಲೇ ಅನ್ನುವುದು ಲೆಕ್ಕ ಮಾಡುವವರ ತರ್ಕ ಇರಬಹುದು. ಆದರೆ ನಮ್ಮ ಯಾಡಿಯನ್ನು ಹಿಂದಿಯವಳು ಅಂದರೆ ಅವಳಿಗೇ ನಗು ಬರುತ್ತದೆ.

ಆ ಜನಗಣತಿ ನಡೆದಾಗ ನಾವು ರಜೆಗೆ ತಾಂಡಾದಲ್ಲಿದ್ದೆವು. ಬಂದ ಮಾಸ್ತರಿಗೆ ಬಾಗಿಲಲ್ಲಿ ನಿಂತು ಉತ್ತರ ಕೊಟ್ಟದ್ದು ನಾವು, ಕನ್ನಡದಲ್ಲಿ. ಎಲ್ಲರ ಮಾತೃಭಾಷೆ ಕನ್ನಡ ಅಂತ ಬರೆದುಕೊಂಡು ಹೋದರು. ಯಾಡಿ ಒಲೆ ಮುಂದೆ ಬಾಟಿ, ಅಂದರೆ ರೊಟ್ಟಿ, ಬಡಿಯುತ್ತಿದ್ದಳು. ಅವಳನ್ನು ಅವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಆ ಫಾರಂನಲ್ಲಿ ಇನ್ನೊಂದು ಕಾಲಂ ಇತ್ತು. ಮಾತೃಭಾಷೆ ಬಿಟ್ಟು ಬೇರೆ ಯಾವ ಭಾಷೆ ಬರುತ್ತದೆ, ಎರಡು ಹೆಸರು ಹೇಳಿ ಅಂತ. ಯಾಡಿಗೆ ಅಕ್ಷರ ಬರುವುದಿಲ್ಲ. ಆದರೆ ಮನೆಯಲ್ಲಿ ಗೋರ್ ಬೋಲಿ, ಮಸ್ಕಿ ಸಂತೆಯಲ್ಲಿ ಕನ್ನಡ, ಕ್ಯಾಂಪುಗಳಲ್ಲಿ ಭತ್ತದ ನಾಟಿಗೆ ಹೋದಾಗ ತೆಲುಗು, ಗುಳೆ ಹೋಗಿ ಮುಂಬಯಿಯಲ್ಲಿ ಕಲ್ಲು ಹೊತ್ತ ಕಾಲದ ಹಿಂದಿ. ಎರಡು ಹೆಸರಿಗೆ ಜಾಗ ಇದ್ದರೆ ಅವಳದೊಂದು ಹೊರಗೆ ಉಳಿಯುತ್ತಿತ್ತು. ಡಿಪ್ಲೊಮಾ ಮಾಡಿದ ನಾವು ಆ ಕಾಲಂ ಖಾಲಿ ಬಿಡಿಸಿ ಕಳಿಸಿದೆವು.

ನಮ್ಮ ಸಿಂಧನೂರು ಸೀಮೆ ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ಒಂದು ದಿನ ಬೈಕ್ ಮೇಲೆ ಸುದ್ದಿಗೆ ಹೊರಟರೆ ಐದು ಭಾಷೆ ಕಿವಿಗೆ ಬೀಳುತ್ತವೆ. 1953ರಲ್ಲಿ ಡ್ಯಾಂ ಆಗಿ ಕಾಲುವೆ ನೀರು ಬಂದ ಮೇಲೆ ಆಂಧ್ರದ ಕರಾವಳಿ ಕಡೆಯ ರೈತರು ಬಂದು ಭೂಮಿ ಹಿಡಿದರು. ಅವರು ನೆಲೆಸಿದ ಊರುಗಳಿಗೆಲ್ಲ ಕ್ಯಾಂಪ್ ಅಂತಲೇ ಹೆಸರು. ಮನೆಯಲ್ಲಿ ತೆಲುಗು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೆ ಸರ್ಕಾರ ಮಾಡಿಕೊಟ್ಟ ಆರ್.ಎಚ್. ಕ್ಯಾಂಪುಗಳಿವೆ. ಅಲ್ಲಿ ಕಾಲಿಟ್ಟರೆ ಬಂಗಾಳಿ ಮಾತು, ದುರ್ಗಾ ಪೂಜೆ. 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು, ಹಳೇ ತಲೆಮಾರಿನವರು ಉರ್ದು ಓದಿದವರು. ಪ್ಯಾಟಿಯ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಉರ್ದು. ಸುತ್ತ ಕನ್ನಡದ ಹಳ್ಳಿಗಳು, ನಡುನಡುವೆ ನಮ್ಮ ತಾಂಡಾಗಳು. ಇಡೀ ರಾಜ್ಯ ತಗೊಂಡರೂ 2011ರ ಲೆಕ್ಕದಲ್ಲಿ ಕನ್ನಡ ಮಾತೃಭಾಷೆ ಅಂದವರು ನೂರಕ್ಕೆ ಸುಮಾರು 66 ಜನ. ಮೂರರಲ್ಲಿ ಒಂದು ಮನೆಯಲ್ಲಿ ಬಾಗಿಲು ದಾಟಿದ ಮೇಲೆ ಬೇರೆ ಮಾತು ಶುರುವಾಗುತ್ತದೆ ಅಂತ ಇಟ್ಟುಕೊಳ್ಳಿ.

ಬೆಲ್ಲದ ಘಟನೆ ಆದ ಮೇಲೆ ನಾವು ಹೋದ ಕಡೆಯೆಲ್ಲ ಒಂದು ಪ್ರಶ್ನೆ ಕೇಳಲು ಶುರು ಮಾಡಿದೆವು: ನಿಮ್ಮ ಮನೆಯಲ್ಲಿ ಯಾರು ಯಾರ ಜೊತೆ ಯಾವ ಮಾತು ಆಡುತ್ತೀರಿ? ಪತ್ರಿಕೆಗೆ ಅಲ್ಲ, ನಮ್ಮ ಸಮಾಧಾನಕ್ಕೆ.

ಒಂದು ಆರ್.ಎಚ್. ಕ್ಯಾಂಪಿನ ಚಹಾದಂಗಡಿಯವರು, ಮೂರನೇ ತಲೆಮಾರಿನವರು, ನಮಗಿಂತ ಚೆನ್ನಾಗಿ ಸಿಂಧನೂರು ಕನ್ನಡ ಮಾತಾಡುತ್ತಾರೆ. ಮಕ್ಕಳು ಕನ್ನಡ ಶಾಲೆಗೆ ಹೋಗುತ್ತಾರೆ. ಮನೆಯಲ್ಲಿ ಬಂಗಾಳಿ ಬಿಟ್ಟರೆ ಬೇರೆ ಮಾತಿಲ್ಲ. ಮಕ್ಕಳು ಎರಡು ಭಾಷೆಯಲ್ಲಿ ಗೊಂದಲ ಆಗಲಿಲ್ಲವೇ ಅಂದರೆ, “ಮನೀಗೊಂದು ಚಪ್ಪಲಿ, ಹೊಲಕ್ಕೊಂದು ಚಪ್ಪಲಿ ಇರಂಗಿಲ್ಲೇನ್ರಿ ಸರ್” ಅಂದರು. ತೆಲುಗು ಕ್ಯಾಂಪಿನ ಒಬ್ಬ ಗೃಹಿಣಿ ಹೇಳಿದ್ದು ಇಷ್ಟು: ಟಿವಿ ತೆಲುಗು, ಸಿನಿಮಾ ತೆಲುಗು, ಸೊಸೆ ಬರುವುದು ಆ ಕಡೆಯಿಂದ, ಬಿಡಬೇಕೆಂದರೂ ಹೇಗೆ ಬಿಡುತ್ತದೆ?

ನಮಗೆ ಟಿವಿ ಇಲ್ಲ, ಪತ್ರಿಕೆ ಇಲ್ಲ. ಈಗೀಗ ಯೂಟ್ಯೂಬಿನಲ್ಲಿ ಗೋರ್ ಬೋಲಿಯ ಹಾಡು, ಕಾಮಿಡಿ ಬರುತ್ತಿವೆ, ನಮ್ಮ ಹುಡುಗರೇ ಮಾಡಿದವು. ಅವನ್ನು ಬಿಟ್ಟರೆ ಭಾಷೆ ಇದ್ದದ್ದು ತಾಂಡಾದ ಒಳಗೆ, ಕೂಡಿ ಬಾಳುವುದರಲ್ಲಿ. ತೀಜ್ ಹಬ್ಬದ ಹಾಡಿನಲ್ಲಿ, ಮದುವೆಯಲ್ಲಿ ಮದುಮಗಳು ಹೆಂಗಸರನ್ನು ತಬ್ಬಿಕೊಂಡು ಅಳುತ್ತಾ ಹಾಡುವ ಹಾಡಿನಲ್ಲಿ. ನಿಶ್ಚಿತಾರ್ಥಕ್ಕೆ ನಮ್ಮಲ್ಲಿ ‘ಗೋಳ್ ಖಾಯೇರೋ’ ಅನ್ನುತ್ತಾರೆ, ಬೆಲ್ಲ ತಿನ್ನುವುದು ಅಂತ ಅರ್ಥ. ಮಗಳು ಅಂಥ ಎರಡು ಕಾರ್ಯಕ್ರಮಕ್ಕೆ ಬಂದು ಬೆಲ್ಲ ತಿಂದಿದ್ದಳು. ಹೆಸರು ಕೇಳಿಸಿಕೊಂಡಿರಲಿಲ್ಲ. ನಾವು ಅವಳಿಗೆ ಕನ್ನಡದಲ್ಲಿ ‘ಎಂಗೇಜ್‌ಮೆಂಟ್’ ಅಂತ ಹೇಳಿದ್ದೆವು!

ತಾಂಡಾದಲ್ಲಿ ಕೇಳಿದಾಗ ಸಿಕ್ಕ ಉತ್ತರ ನಮ್ಮನ್ನು ಹೆಚ್ಚು ಕಾಡಿತು. ನಮ್ಮ ಕಡೆ ಸುಗ್ಗಿ ಮುಗಿದರೆ ಅರ್ಧ ತಾಂಡಾ ಗುಳೆ ಹೋಗುತ್ತದೆ. ಮುಂಬಯಿ, ಪುಣೆ, ಗೋವಾ, ಬೆಂಗಳೂರು. ಅಪ್ಪ ಅವ್ವನ ಜೊತೆ ಕಟ್ಟಡದ ಕೆಲಸದ ಜಾಗದಲ್ಲಿ ಬೆಳೆಯುವ ಮಕ್ಕಳು ಅಚ್ಚ ಗೋರ್ ಬೋಲಿ ಮಾತಾಡುತ್ತಾರೆ, ಗಾದೆ ಸಮೇತ. ಶಾಲೆ ಮಾತ್ರ ಬಿಟ್ಟುಹೋಗಿರುತ್ತದೆ. ಓದಲಿ ಅಂತ ಹಾಸ್ಟೆಲಿಗೆ ಬಿಟ್ಟ ಮಕ್ಕಳು, ನಮ್ಮ ಹಾಗೆ ಪ್ಯಾಟಿಗೆ ಬಂದವರ ಮಕ್ಕಳು ಓದುತ್ತಾರೆ, ಭಾಷೆ ಬಿಡುತ್ತಾರೆ. ಎರಡೂ ಇರುವ ಮಗು ನಮ್ಮ ತಾಂಡಾದಲ್ಲಿ ನಮಗೆ ಬೆರಳೆಣಿಕೆಯಷ್ಟು ಸಿಕ್ಕವು. ಅವೆಲ್ಲ ಅಜ್ಜಿಯ ಜೊತೆ ತಾಂಡಾದಲ್ಲೇ ಉಳಿದು, ಅಲ್ಲೇ ಶಾಲೆಗೆ ಹೋಗುವ ಮಕ್ಕಳು. ಹಾಗಾದರೆ ನಾವು ಮಗಳಿಗೆ ತಂದಿಟ್ಟ ಆಯ್ಕೆಯೇ ಸುಳ್ಳು ಇತ್ತು. ಮನೆಯಲ್ಲಿ ಒಂದು, ಅಂಗಳದಲ್ಲಿ ಒಂದು ಕಲಿಯಲು ಅವಳಿಗೆ ಕಷ್ಟ ಇರಲಿಲ್ಲ. ಅಕ್ಕಪಕ್ಕದ ಮಕ್ಕಳ ಜೊತೆ ಆಡಿ ಉರ್ದುವಿನಲ್ಲಿ ಜಗಳ ಆಡುವುದನ್ನು ಅವಳು ನಾವು ಕಲಿಸದೆಯೇ ಕಲಿತಿದ್ದಾಳೆ.

ಮಸ್ಕಿಯ ಅಶೋಕನ ಶಾಸನ ನಿಮ್ಮಲ್ಲಿ ಕೆಲವರು ನೋಡಿರಬಹುದು. 1915ರಲ್ಲಿ ಸಿಕ್ಕಿದ್ದು, ಅಶೋಕ ಅನ್ನುವ ಹೆಸರೇ ಅದರಲ್ಲಿದೆ ಅಂತ ಊರಿಗೆ ಹೆಮ್ಮೆ. ಅದರ ಭಾಷೆ ಪ್ರಾಕೃತ. ಆ ಪ್ರಾಕೃತ ಇವತ್ತು ಮಸ್ಕಿಯ ಯಾವ ಮನೆಯಲ್ಲೂ ಇಲ್ಲ, ಕಲ್ಲಿನ ಮೇಲೆ ಇದೆ. ನಮ್ಮ ಭಾಷೆ ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿ ಮನೆಮನೆಯಲ್ಲಿ ಇದೆ, ಕಲ್ಲಿನ ಮೇಲೂ ಇಲ್ಲ, ಕಾಗದದ ಮೇಲೂ ಇಲ್ಲ. ಪ್ರವಾಸಿಗರ ಸುದ್ದಿ ಮಾಡಲು ಹೋದಾಗಲೆಲ್ಲ ಇದು ನೆನಪಾಗುತ್ತದೆ. ಇರಲಿ.

ಈ ಜೂನ್‌ನಲ್ಲಿ ಮಗಳನ್ನು ಬೇರೆ ಶಾಲೆಗೆ ಸೇರಿಸಿದೆವು. ಮತ್ತೆ ಫಾರಂ, ಮತ್ತೆ ಅದೇ ಕಾಲಂ. ಹೆಡ್‌ಮಾಸ್ತರು ಪೆನ್ ಹಿಡಿದು, “ಮಾತೃಭಾಷೆ ಏನ್ ಬರೀಲ್ರಿ?” ಅಂದರು. ಈ ಸಲ ತಯಾರಾಗಿಯೇ ಹೋಗಿದ್ದೆವು, ಲಂಬಾಣಿ ಅಂತ ಬರೆಸಬೇಕು ಅಂತ. ಬಾಯಿ ತೆರೆಯುವಷ್ಟರಲ್ಲಿ ಜನಗಣತಿಯ ವ್ಯಾಖ್ಯಾನ ನೆನಪಾಯಿತು. ಚಿಕ್ಕವರಿದ್ದಾಗ ತಾಯಿ ನಿಮ್ಮ ಜೊತೆ ಆಡಿದ ಮಾತು ಯಾವುದೋ ಅದು ನಿಮ್ಮ ಮಾತೃಭಾಷೆ. ನಮ್ಮ ಮನೆಯಾಕೆ ಈ ಕೂಸಿನ ಜೊತೆ ಆಡಿದ್ದು ಕನ್ನಡ. ಲಾಲಿ ಹಾಡಿದ್ದೂ ಕನ್ನಡದಲ್ಲಿ, ಅದನ್ನೂ ಯೂಟ್ಯೂಬ್ ನೋಡಿ ಕಲಿತು. ನಮ್ಮ ದಾಖಲೆಯಲ್ಲಿ ಇದ್ದ ‘ಕನ್ನಡ’ ಸುಳ್ಳು. ಮಗಳ ದಾಖಲೆಯಲ್ಲಿ ಅದೇ ಶಬ್ದ ನಿಜ.

“ಕನ್ನಡ ಬರೀರಿ,” ಅಂದೆವು. ಅವರು ಬರೆದುಕೊಂಡು ರಕ್ತದ ಗುಂಪು ಕೇಳಿದರು.

2027ರ ಮಾರ್ಚ್ 1ರ ಲೆಕ್ಕಕ್ಕೆ ಮತ್ತೆ ಜನಗಣತಿ ಬರುತ್ತಿದೆ. ಆಗ ಬಾಗಿಲಲ್ಲಿ ನಾವು ನಿಲ್ಲುವುದಿಲ್ಲ, ಯಾಡಿಯನ್ನೇ ನಿಲ್ಲಿಸುತ್ತೇವೆ ಅಂತ ಅವಳಿಗೆ ಹೇಳಿದ್ದೇವೆ. ನಿನ್ನ ಭಾಷೆ ಯಾವುದು ಅಂತ ಕೇಳಿದರೆ ಏನು ಹೇಳುತ್ತೀ ಅಂದರೆ, “ಗೋರ್ ಬೋಲಿ ಅಂತೀನಿ. ಅವರಿಗೆ ಬರಿಯಾಕ ಬರತದೇನು?” ಅಂದಳು. ಮೊಮ್ಮಗಳ ಫಾರಂನಲ್ಲಿ ಕನ್ನಡ ಅಂತ ಬರೆಸಿದ್ದನ್ನೂ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೌದಲ್ಲ, ನನ್ನ ಮೊಮ್ಮಗಳು ಕೋರ್,” ಅಂತ ನಕ್ಕಳು. ಚೇಷ್ಟೆಗೆ ಅಂದದ್ದು. ನಮ್ಮ ಮನೆಯಾಕೆ ಎದ್ದು ಒಳಗೆ ಹೋದಳು.

ಆ ಘಟನೆ ಆದ ವಾರದಿಂದ ಮನೆಯಲ್ಲಿ ರಾತ್ರಿ ಊಟದ ಹೊತ್ತು ಗೋರ್ ಬೋಲಿ ಅಂತ ನಿಯಮ ಮಾಡಿದ್ದೇವೆ. ಮುರಿಯುವವರು ಹೆಚ್ಚಾಗಿ ನಾವೇ. ದೊಡ್ಡವರಿಗೆ ಸಿಟ್ಟು ಬಂದರೆ ಕನ್ನಡ ಬರುತ್ತದೆ. ಮಗಳು ಹಳೇ ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಶಬ್ದ ಬರೆದಿಟ್ಟುಕೊಳ್ಳುತ್ತಾಳೆ. ಮೊದಲ ಸಾಲು, ‘ಗೋಳ್ – ಬೆಲ್ಲ’. ಎರಡನೆಯದು ‘ಪಾಣಿ – ನೀರು’. ಇವತ್ತಿಗೆ ನಲವತ್ತು ಚಿಲ್ಲರೆ ಆಗಿವೆ. ಬಹುಪಾಲು ಅಡುಗೆಮನೆಯ ಸಾಮಾನು. ವಾಕ್ಯ ಕಟ್ಟಲು ಇನ್ನೂ ಬರುವುದಿಲ್ಲ.

ಯಾಡಿ ಈಗ ತಾಂಡಾದಲ್ಲಿದ್ದಾಳೆ. ರಾತ್ರಿ ಎಂಟಕ್ಕೆ ಫೋನ್ ಮಾಡುತ್ತೇವೆ. ಮಗಳು ಫೋನ್ ಕಸಿದುಕೊಂಡು, “ಅಜ್ಜಿ, ಬಾಟಿ?” ಅಂತ ಕೇಳುತ್ತಾಳೆ. ರೊಟ್ಟಿ ತಿಂದೆಯಾ ಅಂತ. ಆ ಕಡೆಯಿಂದ ಯಾಡಿ ಶುರು ಮಾಡುತ್ತಾಳೆ. ಏನು ತಿಂದಳು, ಆಡು ಎಲ್ಲಿ ತಪ್ಪಿಸಿಕೊಂಡಿತ್ತು, ಪಕ್ಕದ ಮನೆಯವರು ಗುಳೆಯಿಂದ ಬಂದರಾ, ಗುಳಿಗೆ ನುಂಗಿದಳಾ ಇಲ್ಲವಾ. ನಿಲ್ಲದೆ ಹೇಳುತ್ತಾಳೆ. ಮಗಳು ಕಿವಿಗೊಟ್ಟು ಕೇಳುತ್ತಾ, ಗೊತ್ತಿದ್ದ ಒಂದು ಶಬ್ದ ಬಂದಾಗ ತಲೆ ಆಡಿಸುತ್ತಾಳೆ. ಆಮೇಲೆ ಫೋನನ್ನು ನಮ್ಮ ಕೈಗೆ ಕೊಡುತ್ತಾಳೆ.

“ಅಪ್ಪಾ, ಉಳಿದಿದ್ದು ನೀ ಕೇಳು.”